ಮೂರು ಕೈಯ ಗರಿಗಾಳ

ಬೀಗ ರಿಪೇರಿಯವರಿಗೆ ಪಾರ್ಶ್ವವಾಯು ಬಡಿದದ್ದು ಒಂದು ಮಂಗಳವಾರ ಬೆಳಿಗ್ಗೆ, ಯಾರದೋ ಮನೆಯ ಬಾಗಿಲ ಮುಂದೆ. ಕೀಲಿಕೈ ಕಳೆದುಕೊಂಡು ಹೊರಗೆ ನಿಂತಿದ್ದ ಆ ಮನೆಯವರು, ಇವರು ಕುಸಿದು ಕೂತದ್ದನ್ನು ನೋಡಿ, ಬೀಗ ಅಷ್ಟು ಕಷ್ಟದ್ದಿರಬೇಕು ಅಂದುಕೊಂಡರಂತೆ. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಎಡಗಾಲು ಅರ್ಧಂಬರ್ಧ ಮಾತು ಕೇಳುತ್ತಿತ್ತು, ಎಡಗೈ ಸುತರಾಂ ಕೇಳುತ್ತಿರಲಿಲ್ಲ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಡಾಕ್ಟರು ಅದನ್ನು ಅದೃಷ್ಟ ಅಂದರು. ಹೆಂಡತಿ ಏನೂ ಅನ್ನಲಿಲ್ಲ.

ಹೆಂಡತಿ ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು. ಬೀದಿಯವರಿಗೆಲ್ಲ ಈಗಲೂ ಟೈಪಿಂಗ್ ಮೇಡಂ. ಹತ್ತು ಬೆರಳಿಗೂ ಅದರದರ ಕೆಲಸ ಇದೆ, ಒಂದರ ಕೆಲಸಕ್ಕೆ ಇನ್ನೊಂದು ಮೂಗು ತೂರಿಸಬಾರದು ಎಂಬುದು ಅವರ ಪಾಠ. ಸಂಸಾರವನ್ನೂ ಹಾಗೇ ನಡೆಸಿದ್ದರು. ಅಡುಗೆಮನೆ, ಬ್ಯಾಂಕು, ಮಗಳ ಓದು ಇವರದು. ಬೀಗ, ನಲ್ಲಿ, ಮೀನು ಅವರದು. ಮೂವತ್ತೆಂಟು ವರ್ಷದಲ್ಲಿ ಇಬ್ಬರೂ ಸೇರಿ ಮಾಡಿದ ಒಂದೇ ಕೆಲಸವೆಂದರೆ ಮಂಚವನ್ನು ಮಹಡಿಗೆ ಹೊತ್ತದ್ದು. ಅದೂ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ಪಕ್ಕದ ಮನೆಯವರು ಬಂದು ಬಿಡಿಸಬೇಕಾಯಿತು.

ಕೈಗೆ ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿಯ ಹುಡುಗಿ ವಾರಕ್ಕೆ ಮೂರು ಸಲ ಬರುತ್ತಿದ್ದಳು. ಮೊದಲ ದಿನ ಒಂದು ಸ್ಪಂಜಿನ ಚೆಂಡು ಕೊಟ್ಟಳು.

"ಅಂಕಲ್, ಇದನ್ನ ಅಮುಕಿ."

"ಅಮುಕಿದ್ರೆ ಏನಾಗುತ್ತೆ?"

"ಕೈಗೆ ಬಲ ಬರುತ್ತೆ."

"ಚೆಂಡಿಗೆ?"

"ಚೆಂಡಿಗೆ ಏನೂ ಆಗಲ್ಲ."

"ಹಾಗಾದ್ರೆ ಇದು ಕೆಲಸ ಅಲ್ಲ," ಎಂದು ಬೀಗದವರು ಗೋಡೆಯ ಕಡೆ ತಿರುಗಿದರು.

ಹೋಗುವಾಗ ಹುಡುಗಿ ಬಾಗಿಲ ಹತ್ತಿರ ಮೇಡಂಗೆ ಹೇಳಿದಳು, "ಆಂಟಿ, ಅವರಿಗೆ ಇಷ್ಟ ಇರೋದು ಏನಾದ್ರೂ ಕೊಡಿ. ಬಟನ್ನೋ, ಪಝಲ್ಲೋ, ಏನಾದ್ರೂ." ಮೇಡಂ ಅರ್ಧ ದಿನ ಯೋಚಿಸಿ, ಸ್ಟೂಲು ಹಾಕಿಕೊಂಡು, ಬೀರುವಿನ ಮೇಲಿನಿಂದ ಗಂಡನ ಗಾಳದ ತಗಡಿನ ಪೆಟ್ಟಿಗೆಯನ್ನು ಇಳಿಸಿದರು. ಮದುವೆಯಾದಾಗಿನಿಂದ ಅದನ್ನು ಅವರು ಮುಟ್ಟಿರಲಿಲ್ಲ. ಒಳಗೆ ಹುಂಜದ ಕತ್ತಿನ ಗರಿಗಳು, ಕೊಕ್ಕೆಗಳು, ಜರಿ ಎಳೆ, ರೇಷ್ಮೆ ದಾರದ ಉಂಡೆಗಳು, ಮೇಜಿನ ಅಂಚಿಗೆ ಕಚ್ಚಿಕೊಂಡು ಕೊಕ್ಕೆಯನ್ನು ಬಿಗಿಹಿಡಿಯುವ ಪುಟ್ಟ ವೈಸ್ ಇದ್ದವು. ಜೊತೆಗೆ, ದಾರದ ಗಂಟಿಗೆ ಬಳಿಯಲು, ಹನ್ನೆರಡು ವರ್ಷದ ಹಿಂದೆ ಕಾಣೆಯಾಗಿದ್ದ ಮೇಡಂ ಅವರದೇ ನೇಲ್ ಪಾಲಿಶ್ ಇತ್ತು.

ಗರಿಗಾಳ ಕಟ್ಟುವುದು ಹೇಳಿದರೆ ಸುಲಭ. ಉದ್ದನೆಯ ಕೊಕ್ಕೆಗೆ ದಾರ ಸುತ್ತಿ, ಅದರ ಮೇಲೆ ಜರಿ ಸುತ್ತಿ, ನಾಲ್ಕು ಗರಿಗಳನ್ನು ಎರಡೆರಡಾಗಿ ಜೋಡಿಸಿ ಅದರ ಬೆನ್ನಿಗೆ ಕಟ್ಟಿದರೆ ಆಯಿತು. ನೀರಿನಲ್ಲಿ ಎಳೆದಾಗ ಗರಿ ಅಪ್ಪಿಕೊಂಡು, ಬಿಚ್ಚಿಕೊಂಡು, ಮರಿಮೀನಿನ ಹಾಗೆ ಕಾಣುತ್ತದೆ. ದೊಡ್ಡ ಮೀನು ನಂಬುತ್ತದೆ. ಆದರೆ ಗರಿ ಕಟ್ಟುವ ಆ ಗಳಿಗೆಯಲ್ಲಿ ಎಡಗೈಯ ಎರಡು ಬೆರಳು ಗರಿಗಳನ್ನು ಕದಲದಂತೆ ಒತ್ತಿ ಹಿಡಿಯಬೇಕು, ಬಲಗೈ ದಾರ ಸುತ್ತಬೇಕು. ಹಿಡಿತ ಕೂದಲೆಳೆಯಷ್ಟು ಸಡಿಲವಾದರೂ ಗರಿ ಪಕ್ಕಕ್ಕೆ ಹೊರಳಿ, ಮರಿಮೀನು ಸತ್ತ ಮೀನಾಗುತ್ತದೆ.

ಬೀಗದವರು ಪೆಟ್ಟಿಗೆಯಿಂದ ಒಂದೊಂದೇ ಗರಿ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ನಿನ್ನ ಎಡಗೈ ಕೊಡು," ಅಂದರು.

"ಯಾಕ್ರೀ?"

"ನಂದು ಕೆಲಸ ಮಾಡಲ್ವಲ್ಲ, ಅದಕ್ಕೆ."

ಮೇಡಂ ಪಕ್ಕದಲ್ಲಿ ಕೂತು ಗರಿ ಹಿಡಿದರು. ಆಧಾರಕ್ಕಿರಲಿ ಎಂದು ಬಲಗೈಯನ್ನೂ ತಂದರು.

"ಅದನ್ನ ಮಡಿಲಲ್ಲಿ ಇಟ್ಕೋ. ಬಲಗೈ ನಂದೇ ಇದೆ."

"ಸರಿ."

"ಗಟ್ಟಿಯಾಗಿ ಹಿಡಿ."

"ಹಿಡ್ಕೊಂಡಿದೀನಿ."

"ಇದನ್ನ ಹಿಡ್ಕೊಳ್ಳೋದು ಅಂತಾರೇನೇ? ಬಸ್ಸಲ್ಲಿ ಕಂಬಿ ಹಿಡ್ದ ಹಾಗಿದೆ."

ಮೊದಲ ವಾರ ಒಂಬತ್ತು ಗಾಳ ಕೆಟ್ಟವು. ಎರಡನೆಯ ವಾರ ಆರು. ದಿನಾ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆವರೆಗೆ ಇಬ್ಬರೂ ಅಡುಗೆಮನೆಯ ಮೇಜಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಜಗಳವಾಡುತ್ತಿದ್ದರು. ಫಿಸಿಯೋಥೆರಪಿಯ ಹುಡುಗಿ ಬಂದರೆ ಅವಳನ್ನು ಕಾಯಿಸುತ್ತಿದ್ದರು. ಅವಳು ಒಂದು ಲೋಟ ಟೀ ಮಾಡಿಕೊಂಡು ಕುಡಿದು, ರಿಪೋರ್ಟಿನಲ್ಲಿ "ಉತ್ಸಾಹ ಚೆನ್ನಾಗಿದೆ" ಎಂದು ಬರೆದು ಹೋಗುತ್ತಿದ್ದಳು.

ಮೂರನೆಯ ವಾರ, ಗಂಡ ಸ್ನಾನಕ್ಕೆ ಹೋಗಿದ್ದಾಗ, ಮೇಡಂ ಒಬ್ಬರೇ ಮೇಜಿಗೆ ಕೂತರು. ಮಡಿಲಲ್ಲಿ ಸುಮ್ಮನೆ ಬಿದ್ದಿರುವ ಬಲಗೈ ಅವರಿಗೆ ಕಿರಿಕಿರಿಯಾಗಿತ್ತು, ಅಷ್ಟೇ. ದಾರ ಸುತ್ತಿದರು, ಜರಿ ಸುತ್ತಿದರು, ನಾಲ್ಕು ಗರಿ ಆರಿಸಿ ಎಡಗೈಯಲ್ಲಿ ಒತ್ತಿ ಬಲಗೈಯಲ್ಲಿ ಕಟ್ಟಿದರು. ಬೆರಳುಗಳು ಕಣ್ಣಿನ ಸಹಾಯವಿಲ್ಲದೆಯೇ ನಡೆದವು. ಇಪ್ಪತ್ತು ನಿಮಿಷದಲ್ಲಿ ಗಾಳ ಮುಗಿಯಿತು. ಗರಿಗಳು ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿದ್ದವು. ಅವರಿಗೆ ಖುಷಿಯಾಯಿತು, ತಕ್ಷಣವೇ ಕಳ್ಳತನ ಮಾಡಿದಂತೆಯೂ ಅನ್ನಿಸಿತು. ಗಾಳವನ್ನು ಬೇಳೆ ಡಬ್ಬದಲ್ಲಿ ಬಚ್ಚಿಟ್ಟರು.

ಬೀಗ ತೆಗೆಯುವುದನ್ನೇ ಕಸುಬು ಮಾಡಿಕೊಂಡವರಿಂದ ಏನನ್ನಾದರೂ ಬಚ್ಚಿಡುವುದು ವ್ಯರ್ಥ. ಮೂರನೆಯ ದಿನ ಬಿಸ್ಕತ್ತು ಹುಡುಕುತ್ತ ಹೋದವರಿಗೆ ಅದು ಸಿಕ್ಕಿತು. ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ಯಾರು ಕಟ್ಟಿದ್ದು?"

"ನಾನೇ ಕಣ್ರೀ. ಸುಮ್ನೆ."

"ಓಹೋ," ಅಂದರು. ಗಾಳವನ್ನು ಮೇಜಿನ ಮೇಲಿಟ್ಟರು. "ಹಾಗಾದ್ರೆ ನಂದು ಏನೂ ಬೇಕಾಗಿಲ್ಲ."

ಅವತ್ತು ಹತ್ತು ಗಂಟೆಗೆ ಮೇಜಿಗೆ ಬರಲಿಲ್ಲ. ಮರುದಿನವೂ ಇಲ್ಲ. ಮನೆಯಲ್ಲಿ ಮಾತೇ ನಿಂತಿತು. ಗಂಡನ ಬಾಯಿಗೂ ಒಂದಿಷ್ಟು ರಜೆ ಸಿಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ ದಿನಗಳು ಮೇಡಂಗೆ ನೆನಪಾದವು. ಈಗ ರಜೆ ಸಿಕ್ಕಿತ್ತು; ಒಂದು ಚೂರೂ ಚೆನ್ನಾಗಿರಲಿಲ್ಲ. ಮೂರನೆಯ ದಿನ ಅವರೇ ಮೇಜಿಗೆ ಕೂತು, ವೈಸಿಗೆ ಕೊಕ್ಕೆ ಸಿಕ್ಕಿಸಿ, ನಡುಮನೆಯಲ್ಲಿದ್ದ ಗಂಡನಿಗೆ ಕೇಳುವಂತೆ ಹೇಳಿದರು:

"ನಂದರಲ್ಲಿ ತಪ್ಪೇನಿದೆ ಅಂತಾದ್ರೂ ಹೇಳಿ."

ನಡುಮನೆಯಿಂದ ಉತ್ತರ ಬಂತು. "ತಲೆ ದಪ್ಪ ಆಗಿದೆ."

"ಯಾರದು?"

"ಗಾಳದ್ದು. ದಾರ ಜಾಸ್ತಿ ಸುತ್ತಿದೀಯ."

"ಎಷ್ಟು ಸುತ್ತಬೇಕಿತ್ತು?"

ಊರುಗೋಲಿನ ಸದ್ದು ಕೇಳಿಸಿತು. ಬೀಗದವರು ಬಂದು ಕೂತರು. ಈ ಸಲ ಬಲಗೈಯಿಂದ ಎಡಗೈಯನ್ನು ಎತ್ತಿ, ಬೇರೆಯವರ ಸಾಮಾನು ಇಡುವ ಹಾಗೆ ಮೇಜಿನ ಮೇಲಿಟ್ಟರು. ಮೇಡಂ ಗರಿಗಳನ್ನು ಹಿಡಿದರು. ಬೀಗದವರು ತಮ್ಮ ಎಡಗೈಯನ್ನು ತಳ್ಳಿಕೊಂಡು ಬಂದು, ಹೆಬ್ಬೆರಳನ್ನು ಹೆಂಡತಿಯ ಹೆಬ್ಬೆರಳ ಮೇಲೆ ಕೂರಿಸಿದರು. ಆಮೇಲೆ ದಾರ ಸುತ್ತಿದರು. ಆರನೆಯ ಸುತ್ತಿಗೆ ಮೇಡಂಗೆ ಬೆರಳಿನ ಮೇಲೆ ಒಂದು ಒತ್ತು ತಿಳಿಯಿತು. ಇರುವೆ ಕಾಲೂರಿದಷ್ಟು.

"ರೀ, ನೀವು ಒತ್ತಿದ್ರಾ?"

"ಇಲ್ಲ."

"ಒತ್ತಿದ್ರಿ."

"ಗರಿ ನೋಡು, ಬೆರಳು ನೋಡ್ಬೇಡ," ಅಂದರು. ಮೇಡಂ ಗರಿಯನ್ನೇ ನೋಡಿದರು. ಅದು ಕಣ್ಣಿಗೆ ಮಸುಕಾಗಿ ಕಾಣುತ್ತಿತ್ತು.

ಆ ಗಾಳದ ಗರಿ ಎಡಕ್ಕೆ ವಾಲಿತ್ತು. ಆದರೂ ಅದನ್ನು ಕೆಟ್ಟವುಗಳ ಲೆಕ್ಕಕ್ಕೆ ಸೇರಿಸಲಿಲ್ಲ.

ಮುಂದಿನ ಭಾನುವಾರ ಗೆಳೆಯ ಲಿಫ್ಟಣ್ಣ ಅವರಿಬ್ಬರನ್ನೂ ಕೆರೆಗೆ ಕರೆದುಕೊಂಡು ಹೋದ. ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತನಾದವನು. ಮೇಲಕ್ಕೂ ಹೋಗದೆ ಕೆಳಕ್ಕೂ ಹೋಗದೆ ಇರುತ್ತದೆ ಎಂಬ ಕಾರಣಕ್ಕೆ ಅವನಿಗೆ ಕೆರೆ ಇಷ್ಟ. ಬೀಗದವರು ಮಡಚುವ ಕುರ್ಚಿಯಲ್ಲಿ ಕೂತು ಬಲಗೈಯಿಂದ ಗಾಳದ ಕೋಲು ಬೀಸಿದರು. ನೀರಿನಿಂದ ದಾರ ಎಳೆಯುವುದು ಎಡಗೈ ಕೆಲಸವಾದ್ದರಿಂದ ಮೇಡಂ ಪಕ್ಕದಲ್ಲಿ ನಿಂತು ಎಳೆದರು. ಹಾಕಿದ್ದು ವಾಲಿದ ಗಾಳ.

ಹನ್ನೊಂದು ಗಂಟೆಗೆ ದಾರ ಬಿಗಿಯಿತು.

"ಎಳೀಲಾ?"

"ಎಳಿ! ಬೇಡ, ತಡಿ! ಎಳಿ!"

"ಒಂದು ಹೇಳ್ರೀ!"

ಹೇಗೋ ಮೀನು ದಡಕ್ಕೆ ಬಂತು. ಮೇಡಂ ಸೆರಗು ಸಿಕ್ಕಿಸಿ, ಮಂಡಿಯೂರಿ, ಕೊಕ್ಕೆ ಬಿಡಿಸಿದರು. ಜೀವಂತ ಮೀನನ್ನು ಮುಟ್ಟಿದ್ದು ಅದೇ ಮೊದಲು. ಅದರ ಮೈಯೆಲ್ಲ ಕೆಸರಾಗಿತ್ತು. ಅಡುಗೆಮನೆಗೆ ಬರುವ ಯಾವ ಪದಾರ್ಥವನ್ನೂ ತೊಳೆಯದೆ ಮುಂದಕ್ಕೆ ಬಿಟ್ಟವರಲ್ಲ ಅವರು. ಮೀನನ್ನು ನೀರಿಗೆ ಅದ್ದಿದರು. ಅದು ಬಾಲ ಬೀಸಿ ಹೊರಟೇಹೋಯಿತು.

ಮೂವರೂ ನೀರಿನ ಮೇಲಿನ ಉಂಗುರವನ್ನು ನೋಡಿದರು.

"ತೊಳೀತಾ ಇದ್ದೆ," ಅಂದರು ಮೇಡಂ.

"ಅತ್ತಿಗೆ, ನಲವತ್ತು ವರ್ಷದಿಂದ ಮೀನು ಹಿಡೀತಿದೀನಿ," ಲಿಫ್ಟಣ್ಣ ನಿಧಾನವಾಗಿ ಹೇಳಿದ, "ಮೀನನ್ನ ಕೆರೇಲಿ ತೊಳೆದವರನ್ನ ನೋಡಿರಲಿಲ್ಲ."

ಬೀಗದವರ ಭುಜ ಅಲುಗತೊಡಗಿತು. ಮೇಡಂ ಗಾಬರಿಯಿಂದ ಓಡಿ ಬಂದರು. ನೋಡಿದರೆ ನಗು. ಕಣ್ಣಲ್ಲಿ ನೀರು ಬರುವವರೆಗೆ, ಕೋಲು ಕೈಜಾರಿ ಹುಲ್ಲಿಗೆ ಬೀಳುವವರೆಗೆ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕದ್ದನ್ನು ಮೇಡಂ ನೋಡಿರಲಿಲ್ಲ.

ಸಂಜೆ ಮಗಳ ಫೋನು ಬಂತು. ಬೀಗದವರು ಸೋಫಾದಲ್ಲಿ ಕಾಲು ಚಾಚಿ ಎಲ್ಲವನ್ನೂ ವಿವರವಾಗಿ ಹೇಳಿದರು. "ಎರಡು ಗೇಣು ಉದ್ದ ಇತ್ತಮ್ಮ, ಕಡಿಮೆ ಇಲ್ಲ."

"ಒಂದೂಕಾಲು," ಅಡುಗೆಮನೆಯಿಂದ ದನಿ ಬಂತು.

ಬೀಗದವರು ಫೋನನ್ನು ಕಿವಿಯಿಂದ ಸರಿಸಿ ಅಡುಗೆಮನೆಯ ಕಡೆ ನೋಡಿದರು.

"ಒಂದೂಕಾಲಂತೆ," ಅಂದರು ಮಗಳಿಗೆ. "ಕೈಯಲ್ಲಿ ಹಿಡಿದವಳು ಅವಳೇ. ಅವಳಿಗೇ ಗೊತ್ತಿರುತ್ತೆ."