ಹತ್ತೇ ಪ್ರತಿ

ಗದಗ ಜಿಲ್ಲೆಯಾಗಿ ಎರಡು ವರ್ಷ. ಉದ್ಘಾಟನೆಯಾಗದ ವಸ್ತು ಊರಲ್ಲಿ ಹೆಚ್ಚು ಉಳಿದಿರಲಿಲ್ಲ. ಹೀಗಾಗಿ ಬೆಟಗೇರಿಯ ಸಭಾಭವನದಲ್ಲಿ ‘ಸಮಾಜ ಬದಲಾವಣೆಗೆ ಅಚ್ಚುಚಿತ್ರ’ ಎಂಬ ಐದು ದಿನದ ಶಿಬಿರಕ್ಕೂ ದೀಪ ಹಚ್ಚಲಾಯಿತು. ಹಚ್ಚಿದವರು ನಾರಾಯಣಪ್ಪ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಮಾಲೀಕರು. ಶಿಬಿರದ ಊಟ, ಕಾಗದ, ಶಾಯಿ ಎಲ್ಲ ಅವರದೇ. ಬಣ್ಣದ ನೀರೂ ಅವರದೇ. ಅದನ್ನು ಮಾತ್ರ ಹಿಂದಿನ ಓಣಿಗೆ ಧಾರಾಳವಾಗಿ ಬಿಟ್ಟುಕೊಟ್ಟಿದ್ದರು.

ಆ ಓಣಿಯಿಂದ ಶಿಬಿರಕ್ಕೆ ಬಂದವಳು ಮುಮ್ತಾಜ. ಗೌರಿ ಹುಣ್ಣಿಮೆಗೆ ಪಾಕ ಹೊಯ್ದು ಮಾಡುವ ಸಕ್ಕರೆ ಆರತಿಗೆ ಬೇಕಾದ ಆನೆ, ಕುದುರೆ, ನವಿಲುಗಳ ಅಚ್ಚನ್ನು ಗಂಡ ದಾದಾಪೀರನ ಜೊತೆ ಸಾಗವಾನಿ ಹಲಗೆಯಲ್ಲಿ ಕೊರೆಯುವುದು ಅವಳ ಕಸುಬು. ಬಣ್ಣದ ನೀರು ಓಣಿಯ ಬೋರಿಗೆ ಇಳಿದು ಸೊಸೆ ನಿಶಾತಳ ಅಂಗೈ ಚರ್ಮ ಸುಲಿಯುತ್ತಿತ್ತು. ಓಣಿಯವರು ಕೊಟ್ಟ ಮೂರು ಅರ್ಜಿಗಳ ಮೇಲೆ ಅಧಿಕಾರಿಯೊಬ್ಬರು ಸೋಮವಾರ ನೋಡಲು ಬರುವವರಿದ್ದರು. ಆದರೆ ಸಾಹೇಬರು ಬರುವ ದಿನ ಕಾರ್ಖಾನೆ ನೀರು ನಿಲ್ಲಿಸಿ, ಗಟಾರಕ್ಕೆ ಬಿಳಿ ಪುಡಿ ಎರಚುವುದು ವಾಡಿಕೆ. ಬೋರಿನ ನೀರೂ ಕೊಡದಲ್ಲಿ ತಿಳಿಯಾಗೇ ಕಾಣುತ್ತಿತ್ತು, ಬಿಳಿ ಬಟ್ಟೆಯ ಮೇಲೆ ಒಣಗಿದಾಗಷ್ಟೇ ಬಣ್ಣ ಬಿಡುತ್ತಿತ್ತು. ನೋಡುವುದಕ್ಕೇ ಏನೂ ಇರುವುದಿಲ್ಲ.

ಶಿಬಿರ ನಡೆಸುತ್ತಿದ್ದ ಕಲಾವಿದ ಕಿರಣಕುಮಾರ ಬೆಂಗಳೂರಿನವರು. ಮೆಕ್ಸಿಕೊ, ದಕ್ಷಿಣ ಆಫ್ರಿಕ, ಬಂಗಾಳ ಎಂದು ಪರದೆಯ ಮೇಲೆ ದೇಶ ಸುತ್ತಿಸಿ, “ಗೋಡೆಯೇ ಬಡವರ ಪತ್ರಿಕೆ” ಎಂದಿದ್ದರು. ಮುಮ್ತಾಜ ಅದನ್ನು ನಂಬಿ ನಿಶಾತಳ ಕೈಯನ್ನು ಕೊರೆಯಲು ಕುಳಿತಳು.

ಕೊರೆದದ್ದು ಸಕ್ಕರೆ ಅಚ್ಚಿನ ರೂಢಿಯಲ್ಲಿ. ಅಲ್ಲಿ ಆಕೃತಿಯನ್ನೇ ಆಳಕ್ಕೆ ತೋಡಬೇಕು, ಪಾಕ ಅದರೊಳಗೆ ಕೂರಬೇಕು. ಅಚ್ಚುಚಿತ್ರದಲ್ಲಿ ಶಾಯಿ ಮೇಲ್ಮೈಗಷ್ಟೇ, ತೋಡಿದ ಜಾಗಕ್ಕೆ ಹತ್ತುವುದೇ ಇಲ್ಲ. ಕಾಗದ ಎತ್ತಿದರೆ ಸುತ್ತ ಕಪ್ಪು, ನಡುವೆ ಸುಲಿದಿಟ್ಟಂಥ ಬಿಳಿಯ ಕೈ.

“ಅಯ್ಯ, ಕೆಡಿಸಿದ್ನಲ್ರಿ ಸರ!”

“ಕೆಡಿಸಿಲ್ಲಮ್ಮ, ಅದ್ಭುತ!” ಎಂದರು ಕಿರಣಕುಮಾರ. ಎದುರಿಗೆ ಉಪ್ಪಿಟ್ಟು ತಿನ್ನುತ್ತಿದ್ದ ಶಿಬಿರದವರು ಆ ಕೈ ಕಂಡು ತಟ್ಟೆ ಕೆಳಗಿಟ್ಟರು.

ಹತ್ತು ಪ್ರತಿ ತೆಗೆದಾದ ಮೇಲೆ ಕಿರಣಕುಮಾರ ಉಳಿ ಎತ್ತಿಕೊಂಡು ಹಲಗೆಯ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೀಟು ಎಳೆದರು.

“ಇದೇನ ಮಾಡಿದ್ರಿ?”

“ಜಗತ್ತಿನಲ್ಲೆಲ್ಲ ಇದೇ ನಿಯಮ. ಇನ್ನು ಇದರಿಂದ ಪ್ರತಿ ಬರಬಾರದು. ಕಡಿಮೆ ಇದ್ದರೇ ಬೆಲೆ.”

“ನಮ್ಮ ಮಾವನ ಕಾಲದ ಅಚ್ಚಿನ್ಯಾಗ ಇನ್ನೂ ಆರತಿ ತಗೀತೀವ್ರಿ. ಅಚ್ಚ ಕೊಲ್ಲೂ ಕಸಬ ನಾ ಎಲ್ಲೂ ಕಂಡಿಲ್ಲ. ಮತ್ತ ಗ್ವಾಡಿಗೆ ಹಚ್ಚಾಕ ಪ್ರತಿ ಎಲ್ಲಿಂದ್ರಿ?”

“ಗೋಡೆಗೆ ಇದ್ದೇ ಇದೆ. ಚೌಕಟ್ಟು ಹಾಕಿಸುತ್ತೇವೆ.”

ಮೊದಲನೆಯ ಪ್ರತಿ ನಾರಾಯಣಪ್ಪನವರಿಗೆ ಕಾಣಿಕೆಯಾಯಿತು. ಅವರು ಅದನ್ನು ತೋಳುದ್ದ ಹಿಡಿದು ನೋಡಿ, “ಭಾಳ ಛಂದ ಐತಿ. ನಮ್ಮ ಸೋಫಾಕ್ಕ ಕರೇದು ಬಿಳೇದು ಒಪ್ಪತೈತಿ” ಎಂದರು. ಅದು ಯಾರ ಕೈ ಎಂದು ಕೇಳಲಿಲ್ಲ. ಕಿರಣಕುಮಾರರೂ ಹೇಳಲಿಲ್ಲ.

ಮನೆಯಲ್ಲಿ ಗೀಟು ಬಿದ್ದ ಹಲಗೆ ನೋಡಿ ದಾದಾಪೀರ ನಕ್ಕ. “ಹಲಗಿಗೆ ಎರಡ ಮೈ ಅದಾವಲ್ಲಲೇ. ಹಿಂದ ಕೊರಿ.”

ಭಾನುವಾರ ಮುಮ್ತಾಜ ಹಿಂಬದಿಯಲ್ಲಿ ಮತ್ತೆ ಅದೇ ಕೈ ಕೊರೆದಳು. ಹಳೆಯ ಪತ್ರಿಕೆಗಳ ಮೇಲೆ, ಎಣ್ಣೆಯಲ್ಲಿ ಕಲಸಿದ ಮಸಿಯಲ್ಲಿ, ಅರವತ್ತು ಪ್ರತಿ. ಸಂಜೆಗೆಲ್ಲ ರಮಜಾನಿಗೆಂದು ಸುಣ್ಣ ಬಳಿದಿದ್ದ ಓಣಿಯ ಗೋಡೆ ತುಂಬ ಕೈಗಳು.

ಸೋಮವಾರ ಅಧಿಕಾರಿಗಿಂತ ಮೊದಲು ಕಿರಣಕುಮಾರ ಆಟೋದಲ್ಲಿ ಬಂದಿಳಿದರು. ಹಿಂದೆ ಕಾರ್ಖಾನೆಯ ಇಬ್ಬರು ಆಳುಗಳು, ಬಕೀಟು, ಕಸಬರಿಗೆ.

“ನಾರಾಯಣಪ್ಪನವರಿಗೆ ಹತ್ತೇ ಪ್ರತಿ ಅಂತ ಬರೆದುಕೊಟ್ಟಿದ್ದೇನೆ ಅಮ್ಮ. ನನ್ನ ಮರ್ಯಾದೆ ಏನಾಗಬೇಕು?”

“ಆ ಮೆಕ್ಸಿಕೋದವ್ರೂ ಹತ್ತ ಹಚ್ಚಿ ಮನಿಗೆ ಹೋಗಿದ್ರೇನ್ರಿ ಸರ?”

ಕಿರಣಕುಮಾರ ಕನ್ನಡಕ ಒರೆಸಿಕೊಂಡರು. ಆಳುಗಳು ಓಣಿಯ ಬೋರು ಜಗ್ಗಿ ಬಕೀಟುಗಟ್ಟಲೆ ನೀರು ಎರಚಿ, ಕಾಗದ ನೆನೆಸಿ, ಕೆರೆದು ತೆಗೆದರು. ಅರ್ಧ ತಾಸಿಗೆ ಒಂದು ಕೈಯೂ ಉಳಿಯಲಿಲ್ಲ. ಮುಮ್ತಾಜ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಮುದ್ದೆಯಾದ ಕಾಗದವನ್ನು ಆಳುಗಳು ಗಟಾರಕ್ಕೇ ಹಾಕಿದರು. ಬಿಳಿ ಪುಡಿ ಎರಚಿದ ಗಟಾರ ಅಂದು ಸೀಮೆಸುಣ್ಣದ ಹಾಗೆ ಶುಭ್ರವಾಗಿತ್ತು.

ಹನ್ನೊಂದಕ್ಕೆ ಜೀಪು ಬಂತು. ಬಿಸಿಲಿಗೆ ಗೋಡೆ ಒಣಗಿತ್ತು. ನಾರಾಯಣಪ್ಪ ಗಟಾರ ತೋರಿಸುತ್ತಿದ್ದರೂ ಅಧಿಕಾರಿ ಗೋಡೆಯ ಮುಂದೆಯೇ ನಿಂತರು. ಸುಣ್ಣದ ಗೋಡೆ ಉದ್ದಕ್ಕೂ ನೇರಳೆ ಬಣ್ಣಕ್ಕೆ ತಿರುಗಿತ್ತು.

“ಇದೇನ್ರಿ ಬಣ್ಣ?”

“ಹಬ್ಬ ಬಂತಲ್ರಿ ಸಾಹೇಬ್ರ, ಓಣಿಯವ್ರು ಹಚ್ಚ್ಯಾರ” ಎಂದರು ನಾರಾಯಣಪ್ಪ.

“ಹಚ್ಚಿಲ್ರಿ” ಎಂದಳು ಮುಮ್ತಾಜ. “ಇವ್ರ ಆಳುಗೋಳು ಈಗಷ್ಟ ತೊಳದಾರ. ನಾವು ಕುಡಿಯೂ ಬೋರಿನ ನೀರಿಲೆ.”

ಅಧಿಕಾರಿ ಒಂದು ಖಾಲಿ ಬಾಟಲಿ ಕೇಳಿದರು. ನಾರಾಯಣಪ್ಪ ಅಲ್ಲಾಡಲಿಲ್ಲ. ನಿಶಾತ ಮನೆಯೊಳಗಿಂದ ಬಾಟಲಿ ತಂದು, ಬೋರಿನ ನೀರು ತುಂಬಿ, ಮುಂದೆ ಚಾಚಿದಳು. ಸಾಹೇಬರು ಕರವಸ್ತ್ರ ಬಿಡಿಸಿ, ಅವಳ ಸುಲಿದ ಕೈ ತಾಗದಂತೆ ಜೋಪಾನವಾಗಿ ಬಾಟಲಿಯ ಕುತ್ತಿಗೆ ಹಿಡಿದುಕೊಂಡರು.