ಮೂರನೆಯ ಕಬೂಲ್

ಧರೆಪ್ಪ ಸಾಹೇಬರು ನಕ್ಕಿದ್ದೇ ಸುನೀತಾಳ ಹೊಟ್ಟೆಗೆ ಕಿಚ್ಚು ಹಚ್ಚಿತ್ತು. ಅವರ ಜೊತೆ ಇಂಡಿ, ಸಿಂದಗಿ ಎನ್ನದೆ ವರ್ಷಗಟ್ಟಲೆ ಬಿಸಿಲಿನಲ್ಲಿ ಕರೆಂಟು ಕಡಿಯುವ ದೊಡ್ಡ ಸ್ವಿಚ್ಚುಗಳಾದ ಬ್ರೇಕರುಗಳನ್ನು ಪರೀಕ್ಷಿಸುತ್ತ ತಿರುಗಿದವಳು ಅವಳು. ಆ ಮುಖದ ಮೇಲೆ ನಗೆ ಕಂಡಿರಲಿಲ್ಲ. ಕೊಲ್ಹಾರದಿಂದ ಮೊನ್ನೆ ಮೊನ್ನೆ ಬಂದು ಕೆಲಸಕ್ಕೆ ಸೇರಿದ ಇರಮ ಒಂದೇ ಮಾತಿಗೆ ಅವರನ್ನು ನಗಿಸಿಬಿಟ್ಟಿದ್ದಳು.

ಆ ಮಾತು ಹುಟ್ಟಿದ್ದು ಸುನೀತಾಳದೇ ಪದ್ಧತಿಯಿಂದ. ಬ್ರೇಕರಿನೊಳಗೆ ಲೋಹದ ಎರಡು ತುದಿಗಳು ಬಿಗಿಯಾಗಿ ಕೂಡಿವೆಯೇ ಎಂದು ತಿಳಿಯಲು ಅವುಗಳ ನಡುವಿನ ರೋಧವನ್ನು ಅಳೆಯುತ್ತಾರೆ. ಅದು ತೀರಾ ಸಣ್ಣದು. ಒಂದು ಓಮನ್ನು ಹತ್ತು ಲಕ್ಷ ಚೂರು ಮಾಡಿದರೆ ಅಂಥ ಚೂರು ನಲವತ್ತೋ ಐವತ್ತೋ. ಆ ಒಂದು ಚೂರೇ ಮೈಕ್ರೊಓಮ್. ವರದಿಯಲ್ಲಿ ಬರೆಯಬೇಕಾದದ್ದು ಅದನ್ನು. ಹೊಸ ಮೀಟರು ಮಾತ್ರ ಮಿಲಿಓಮಿನಲ್ಲಿ, ಅಂದರೆ ಓಮಿನ ಸಾವಿರದ ಚೂರಿನಲ್ಲಿ, ತೋರಿಸುತ್ತಿತ್ತು. ಸಾವಿರದಿಂದ ಗುಣಿಸುವಾಗ ಸೊನ್ನೆಯೊಂದು ಜಾರಬಾರದಲ್ಲ. ಒಬ್ಬರು ಓದಿ, ಮೈಕ್ರೊ ಮಾಡಿ ಕೂಗಬೇಕು. ಇನ್ನೊಬ್ಬರು ಬಗ್ಗಿ ಮೀಟರು ನೋಡಿ ‘ಸರಿ’ ಅನ್ನಬೇಕು. ಆರ್, ವೈ, ಬಿ ಎಂಬ ಮೂರು ಫೇಸಿಗೆ ಮೂರು ಸರಿ. ಸುನೀತಾ ಮಾಡಿದ ಕಟ್ಟಳೆ ಇಷ್ಟೇ.

“ಇದು ನಿಕಾ ಇದ್ದಂಗ ಐತಲ್ರಿ ಅಕ್ಕಾ,” ಎಂದಿದ್ದಳು ಇರಮ. “ಮೂರು ಸಲ ಕಬೂಲ್ ಅನ್ನೂತನಾ ಮದಿವಿ ಆಗೂದಿಲ್ಲ.”

ಧರೆಪ್ಪನವರು ಕೆಮ್ಮು ಬರುವಷ್ಟು ನಕ್ಕರು. ಮರುದಿನದಿಂದ ಅವರೇ ಕೇಳತೊಡಗಿದರು: “ಏನ್ರವಾ, ಕಬೂಲ್ ಆತೇನು?” ಸುನೀತಾಳ ‘ಸರಿ’ ಯಾರೂ ಅಳದೆ ಸತ್ತುಹೋಯಿತು. ಹೊಟ್ಟೆಕಿಚ್ಚು ಒಲೆಯಂತಲ್ಲ, ಯಾರೂ ಕಟ್ಟಿಗೆ ಒಟ್ಟಬೇಕಿಲ್ಲ. ಆಲಮಟ್ಟಿಯ ಪವರ್‌ಹೌಸಿನಲ್ಲಿ ಸೋಮವಾರ ದೊಡ್ಡ ಪರೀಕ್ಷೆಯಿತ್ತು. ಸಾಹೇಬರ ಜೊತೆ ಒಬ್ಬರೇ ಹೋಗುವುದು, ಅದು ಯಾವಾಗಲೂ ಸುನೀತಾ. ಈ ಸಲ ಸಾಹೇಬರು ಅವಳ ಹೆಸರು ಹೇಳಿರಲಿಲ್ಲ. “ನೀ ಪವರ್‌ಹೌಸ್ ಒಳಗ ನೋಡೀಯೇನು?” ಎಂದು ಇರಮಳನ್ನು ಕೇಳಿದ್ದು ಮಾತ್ರ ಅವಳ ಕಿವಿಗೆ ಬಿದ್ದಿತ್ತು.

ಅಂದು ಮುದ್ದೇಬಿಹಾಳದ ಆಚೆ ಒಂದು ಸೋಲಾರ್ ಯಾರ್ಡಿನಲ್ಲಿ ಕೆಲಸ. ಲೈನು ಬಂದ್ ಮಾಡಿಸಿದ್ದರು. ಯಾರ್ಡಿನ ಆಪರೇಟರ್ ಮಂಜೂರ ನಿಂತಲ್ಲಿ ನಿಲ್ಲಲಾರದೆ ಸುಳಿದಾಡುತ್ತಿದ್ದ.

“ಲಗೂ ಮಾಡ್ರಿ ಮೇಡಂ. ಸೂರ್ಯಾ ಓವರ್‌ಟೈಮ್ ಮಾಡೂದಿಲ್ಲ.”

“ಅವಂಗೂ ಯೂನಿಯನ್ ಐತೇನ್ರಿ ಹಂಗಾರ?” ಎಂದಳು ಇರಮ.

ಇರಮ ಓದಿ ಕೂಗುವವಳು, ಸುನೀತಾ ನೋಡಿ ಒಪ್ಪುವವಳು. ಮೀಟರಿನಲ್ಲಿ 0.042. “ಆರ್ ನಲವತ್ತೆರಡು ಮೈಕ್ರೊ.”

“ಕಬೂಲ್.”

0.044. “ವೈ ನಲವತ್ನಾಕು.”

“ಕಬೂಲ್.”

ಮಂಜೂರ ಮತ್ತೇನೋ ಅಂದ. ಇರಮ ನಗುತ್ತಲೇ ಮೀಟರಿನತ್ತ ಕಣ್ಣು ಹಾಯಿಸಿ, “ಬಿ ನಲವತ್ಮೂರು,” ಎಂದು ಬರೆದೇಬಿಟ್ಟಳು.

ಸುನೀತಾ ಬಗ್ಗಿ ನೋಡಿದಳು. 0.43. ಬಿಂದುವಿನ ಪಕ್ಕದ ಸೊನ್ನೆ ಇರಲಿಲ್ಲ. ನಲವತ್ಮೂರಲ್ಲ, ನಾನೂರಾ ಮೂವತ್ತು. ಅಂದರೆ ಅಷ್ಟೇ ಕರೆಂಟಿಗೆ ಹತ್ತುಪಟ್ಟು ಕಾವು. ಇದನ್ನು ಚಾಲೂ ಮಾಡಿದರೆ ಒಳಗೊಳಗೇ ಕಾದು ಒಂದು ದಿನ ಸಿಡಿಯುವ ಬ್ರೇಕರು. ಅದೆಲ್ಲ ಅವಳಿಗೆ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅವಳು ಬ್ರೇಕರನ್ನು ನೆನೆಯಲಿಲ್ಲ. ಸಾಹೇಬರು ಈಗ ಬರುತ್ತಾರೆ, ಸಹಿಗೆ ಮೊದಲು ತಾವೇ ಮೀಟರು ನೋಡುತ್ತಾರೆ, ಇರಮಳ ಕಡೆ ತಿರುಗುತ್ತಾರೆ, ಅವರ ಆ ನಗೆ ಆರುತ್ತದೆ. ಅಷ್ಟೇ ಸಾಕು, ಸೋಮವಾರದವರೆಗೆ.

“ಕಬೂಲ್,” ಎಂದಳು.

ಧರೆಪ್ಪನವರು ಬಂದರು. ಮೀಟರಿನತ್ತ ಹೋಗಲಿಲ್ಲ. “ಸುನೀತಾ ನೋಡ್ಯಾಳಿಲ್ಲೋ?”

“ಮೂರೂ ಕಬೂಲ್ ಅಂದಾರ್ರಿ,” ಎಂದಳು ಇರಮ.

“ಮುಗೀತು ಮತ್ತ. ಅಕಿ ನೋಡಿದ ಮ್ಯಾಲ ನಾ ನೋಡೂದೇನೈತಿ?” ನಿಂತಲ್ಲೇ ಸಹಿ ಹಾಕಿದರು. “ಮಂಜೂರ, ಚಾಲೂ ಮಾಡ್ಕೊಳಪಾ.”

ಇಷ್ಟು ವರ್ಷ ಸುನೀತಾ ಕೇಳಲು ಹಾತೊರೆದ ಮಾತು ಅದು. ಮಂಜೂರ ಕಂಟ್ರೋಲ್ ರೂಮಿನತ್ತ ದಾಪುಗಾಲು ಹಾಕಿದ. ಇರಮ ಮೀಟರಿನ ಕ್ಲಿಪ್ಪುಗಳನ್ನು ಬಿಚ್ಚತೊಡಗಿದಳು. ಸುನೀತಾ ಅವಳ ಕೈ ತಡೆದಳು.

“ಸರ್, ಅವಂಗ ನಿಲ್ಲಂತ ಹೇಳ್ರಿ. ಬಿ ಫೇಸ್ ಇನ್ನೊಮ್ಮಿ ನೋಡೂಣ್ರಿ.”

ಮಂಜೂರನನ್ನು ನಿಲ್ಲಿಸಿ ಮತ್ತೆ ಅಳೆದರು. ಮತ್ತೆ 0.43. ಇರಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ನಾನೂರಾ ಮೂವತ್ತು ಸರ್. ನಾ ನಲವತ್ಮೂರು ಬರದೇನ್ರಿ.” ಕಣ್ಣು ತುಂಬಿ ಬಂತು. ಧರೆಪ್ಪನವರು ಬೈಯಲಿಲ್ಲ. ಬ್ರೇಕರು ಬಿಚ್ಚಿಸಬೇಕೆಂದು ಮಂಜೂರನಿಗೆ ತಿಳಿಸಿ ಬರಲು ಅವಳನ್ನು ಕಳಿಸಿದರು. ಆಮೇಲೆ ಸುನೀತಾಳ ಕಡೆ ತಿರುಗಿದರು.

“ನೀ ಯಾವಾಗ ನೋಡಿದಿ?”

ಸುಳ್ಳು ಹೇಳಬಹುದಿತ್ತು. “ಆವಾಗನ ನೋಡಿದ್ದೆರಿ,” ಎಂದಳು.

ಅವರು ವರದಿಯ ಹಾಳೆಯನ್ನು ಹರಿದು ಮಡಚಿ ಜೇಬಿಗೆ ಹಾಕಿಕೊಂಡರು. “ಸೋಮವಾರ ಇರಮ ಬರ್ಲಿ. ಅಕಿ ತಪ್ಪು ಓದಿದ್ಲು. ಅದನ್ನ ತಿದ್ದಾಕ ನನಗ ಬರ್ತೈತಿ.”

ಇರಮ ಮರಳಿದವಳೇ ಸುನೀತಾಳ ಎರಡೂ ಕೈ ಹಿಡಿದುಕೊಂಡಳು. “ನೀವು ಇರಲಿಲ್ಲಂದ್ರ ನಾ ಇವತ್ತು ಮಣ್ಣ ಆಗ್ತಿದ್ದೆರಿ ಅಕ್ಕಾ.” ಮೂಗು ಒರೆಸಿಕೊಂಡಳು, ಅಷ್ಟರಲ್ಲೇ ನಕ್ಕಳು, ಮಂಜೂರನಿಗೆ ಏನೋ ಕೂಗಿ ಹೇಳಲು ಓಡಿದಳು. ಹತ್ತುಪಟ್ಟು ತಪ್ಪಿದವಳು ಗಾಳಿಪಟದಷ್ಟು ಹಗುರಾಗಿ ಹೋಗುತ್ತಿದ್ದಳು. ಸುನೀತಾ ನೋಡುತ್ತ ನಿಂತಳು. ಈಗ ಅವಳಿಗೆ ಆಲಮಟ್ಟಿಯೂ ಬೇಡವಾಗಿತ್ತು, ಸಾಹೇಬರ ನಗೆಯೂ. ಆ ಹುಡುಗಿ ಮಾಡಿದಂಥ ತಪ್ಪು, ನಿಜವಾಗಿಯೂ ಕಾಣದೇ ಹೋದ ಒಂದು ಸೊನ್ನೆ, ತನ್ನದಾಗಿದ್ದರೆ ಎಂದು ಅವಳ ಹೊಟ್ಟೆ ಉರಿಯಿತು.