ಕೊಕ್ಕರೆಯ ಕತ್ತು

ಹತ್ತಂತಸ್ತಿನ ಕಟ್ಟಡ ಏಳುತ್ತಿದ್ದ ಆ ಜಾಗದಲ್ಲಿ ಅವನನ್ನು ಎಲ್ಲರೂ ಕೊಕ್ಕರೆ ಎಂದೇ ಕರೆಯುತ್ತಿದ್ದರು. ಕತ್ತು ಉದ್ದ, ಕೆಲಸವೂ ಕತ್ತಿನದೇ. ಬೆಳಗಿನಿಂದ ಸಂಜೆಯವರೆಗೆ ನೆಲದಲ್ಲಿ ನಿಂತು, ತಲೆಯೆತ್ತಿ, ಕ್ರೇನ್ ಓಡಿಸುವವರಿಗೆ ಕೈಸನ್ನೆ ಮಾಡಬೇಕು: ಎತ್ತು, ತಿರುಗಿಸು, ಇಳಿಸು, ನಿಲ್ಲಿಸು. ಮೇಲೆ ಗಾಜಿನ ಗೂಡಿನಲ್ಲಿ ಕೂತು ಓಡಿಸುತ್ತಿದ್ದದ್ದು ಬೇರೆ ಯಾರೂ ಅಲ್ಲ, ಅವನ ಅಕ್ಕನ ಗಂಡ. ಮನೆಯಲ್ಲಿ ಭಾವ ಹೇಳಿದಂತೆ ಬಾಮೈದ ಕೇಳಬೇಕು; ಇಲ್ಲಿ ಬಾಮೈದ ಬೆರಳು ತೋರಿಸಿದತ್ತ ಭಾವ ತಿರುಗಬೇಕು. ಇಂಥ ಸುಖ ಎಷ್ಟು ಬಾಮೈದರಿಗೆ ಸಿಕ್ಕೀತು?

ಆ ಕತ್ತೇ ಈಗ ಕೈಕೊಟ್ಟಿತ್ತು.

ವೈದ್ಯೆ ಕೇಳಿದ್ದಕ್ಕೆಲ್ಲ ಅವನು ಹೌದು ಎಂದಿದ್ದ. ದಿನವಿಡೀ ಕತ್ತೆತ್ತಿರುತ್ತೀರಾ? ಹೌದು. ನಡುವೆ ಬಿಡುವೇ ಇಲ್ಲವಾ? ಹೌದು. ಹಿಂದೆಯೂ ಹೀಗೆ ಹಿಡಿದುಕೊಂಡಿತ್ತಾ? ಹೌದು. ಮೇಲಿನವರು ನಿಮ್ಮ ಮಾತು ಕೇಳುತ್ತಾರಾ ಎಂದಾಗ ಮಾತ್ರ ನಕ್ಕ.

"ನಮ್ಮ ಮೇಲಿನವರು ನಮ್ಮ ಭಾವನೇ, ಮೇಡಂ. ನಾನು ಕೈ ತೋರಿಸಿದ ಕಡೆಗೇ ತಿರುಗ್ತಾರೆ."

ವೈದ್ಯೆ ನಗಲಿಲ್ಲ. "ಇದೆಲ್ಲಾ ಒಟ್ಟಿಗೆ ಇರೋರೇ ಕೊನೆಗೆ ತಿಂಗಳುಗಟ್ಟಲೆ ರಜಾ ಹಾಕಿ ಮಲಗೋದು. ಈಗಲೇ ಎರಡು ವಾರ ರಜಾ ಹಾಕಿ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ಳೋ ಹಾಗೆ ಮಾಡ್ಕೋಬೇಡಿ."

ರಜೆ ಹಾಕುವುದೇನೋ ಸುಲಭ. ಆ ಜಾಗದಲ್ಲಿ ನಿಲ್ಲುವವರು ಯಾರು? ಹಿಂದೊಮ್ಮೆ ಅವನು ಜ್ವರ ಬಂದು ಮಲಗಿದ್ದಾಗ, ಬದಲಿಗೆ ನಿಂತವನು ಎತ್ತು ಎನ್ನಬೇಕಾದಲ್ಲಿ ಇಳಿಸು ಎಂದಿದ್ದ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಸಂಜೆ ಊಟಕ್ಕೆ ಕೂತ ಭಾವ ಒಂದು ತುತ್ತೂ ತಿನ್ನದೆ ಎದ್ದುಹೋದದ್ದನ್ನು ಅಕ್ಕ ನೋಡಿದ್ದಳು. "ಕೆಳಗೆ ನೀನಿದ್ರೆ ನಂಗೆ ಧೈರ್ಯ ಕಣೋ" ಎಂದಿದ್ದಳು. ಅಕ್ಕನ ಆ ಮಾತಿನ ಮುಂದೆ ವೈದ್ಯೆಯ ಮಾತು ನಿಲ್ಲಲಿಲ್ಲ. ನೋವು ನುಂಗಿಕೊಂಡು ಕೆಲಸಕ್ಕೆ ಬಂದ.

ಬಂದವನು ಒಂದು ಉಪಾಯ ಹೂಡಿದ. ಮೇಲೆ ತೂಗುವ ಹೊರೆಯ ನೆರಳು ನೆಲದ ಮೇಲೆ ಓಡಾಡುತ್ತದಲ್ಲ, ತಲೆ ಬಗ್ಗಿಸಿ ಅದನ್ನೇ ನೋಡುತ್ತ ಸನ್ನೆ ಮಾಡತೊಡಗಿದ. ಹೊರೆ ಇಳಿದಂತೆ ನೆರಳು ಅದರ ಹತ್ತಿರಕ್ಕೆ ಬರುತ್ತದೆ. ನೆಲ ಮುಟ್ಟಿದಾಗ ಎರಡೂ ಕೂಡಿಕೊಳ್ಳುತ್ತವೆ. ಕೈ ಮೇಲೆ, ಕಣ್ಣು ಕೆಳಗೆ. ಜಾಣತನವೇನೋ ನಿಜ, ಆದರೆ ಬಿಸಿಲನ್ನು ನಂಬಿದ ಜಾಣತನ.

ಒಂದು ದಿನ ಊಟಕ್ಕೆ ಇನ್ನೂ ಹೊತ್ತಿರುವಾಗ, ಕಬ್ಬಿಣದ ಸರಳುಗಳ ಕಟ್ಟು ಗಾಳಿಯಲ್ಲಿದ್ದಾಗಲೇ ಮೋಡ ಕವಿಯಿತು. ನೆರಳು ಮಾಯ. ಕಟ್ಟು ಸಾಗುತ್ತಿದ್ದ ದಾರಿಯ ಕೆಳಗೇ ಇಬ್ಬರು ಗಾರೆ ಕೆಲಸದವರು ಬಾಗಿಕೊಂಡು ದುಡಿಯುತ್ತಿದ್ದರು. ಕೊಕ್ಕರೆ ತಲೆಯೆತ್ತಲು ಹೋದ, ಕತ್ತು ಏಳಲಿಲ್ಲ. ಕಟ್ಟು ಎಲ್ಲಿದೆಯೆಂದೇ ತಿಳಿಯದೆ ಮುಷ್ಟಿ ಬಿಗಿದು ನಿಲ್ಲಿಸು ಎಂದ.

ಕ್ರೇನ್ ಅದಾಗಲೇ ನಿಂತಿತ್ತು. ಭಾವ ತಾವಾಗಿಯೇ ಕಟ್ಟನ್ನು ಖಾಲಿ ಜಾಗದತ್ತ ತಿರುಗಿಸಿ, ಮಲಗಿದ ಮಗುವನ್ನು ಇಳಿಸುವ ಹಾಗೆ ನೆಲಕ್ಕಿಳಿಸಿದರು. ಆಮೇಲೆ, ಊಟದ ಹೊತ್ತಿಗಲ್ಲದೆ ಕೆಳಗೆ ಬಾರದ ಮನುಷ್ಯ ಏಣಿ ಹಿಡಿದು ಇಳಿಯತೊಡಗಿದರು. ಹೆಜ್ಜೆಯ ಸದ್ದು ಹತ್ತಿರವಾದಂತೆ ಕೊಕ್ಕರೆಯ ಜೀವ ಹಿಡಿಯಷ್ಟಾಯಿತು.

"ಯಾವಾಗಿಂದ?" ಎಂದರು ಭಾವ.

"ಏನು ಭಾವ?"

"ಸುಮ್ನಿರು. ಮೇಲಿಂದ ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತು ಗೊತ್ತಾ? ಬರೀ ನಿನ್ನ ಹೆಲ್ಮೆಟ್ ನೋಡ್ಕೊಂಡು ಕ್ರೇನ್ ಓಡಿಸ್ತಿದ್ದೀನಿ."

"ಮತ್ತೆ ನೀವು ಕೇಳಲೇ ಇಲ್ವಲ್ಲ?"

ಭಾವ ತಮ್ಮ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡರು. "ಕೇಳಿದ್ರೆ ನೀನು ರಜಾ ಹಾಕ್ತೀಯ ಅಂತ ಹೆದರಿಕೆ. ಬೇರೆಯವರ ಕೈ ನಂಬೋಕೆ ನಂಗೆ ಧೈರ್ಯ ಇರಲಿಲ್ಲ. ಅದಕ್ಕೇ ಕಂಡೂ ಕಾಣದ ಹಾಗೆ ಇದ್ದುಬಿಟ್ಟೆ."

ಬೈಸಿಕೊಳ್ಳಲು ತಯಾರಾಗಿ ನಿಂತಿದ್ದವನಿಗೆ ಈ ಮಾತು ತಡೆಯಲಾಗಲಿಲ್ಲ. ಕಣ್ಣು ತುಂಬಿ ಬಂತು. "ನೀವು ಮೇಲಿರುವಾಗ ನಾನು ಹೇಗೆ ಮನೇಲಿ ಮಲಗಲಿ ಭಾವ?"

"ಮಲಗಬೇಕು. ನಾಳೆಯಿಂದ ಯಾರು ನಿಂತರೂ, ಕೆಲಸಕ್ಕೆ ಮುಂಚೆ ನಾನೇ ಅವನ ಜೊತೆ ಒಂದೊಂದೇ ಸನ್ನೆ ಮಾಡಿ ನೋಡ್ತೀನಿ. ಅನುಮಾನ ಬಂದ್ರೆ ನಿಲ್ಲಿಸ್ತೀನಿ. ಮೇಸ್ತ್ರಿ ಕೂಗಾಡಿದ್ರೆ ಕೂಗಾಡ್ಲಿ, ಅಷ್ಟು ಎತ್ತರಕ್ಕೆ ಕೇಳ್ಸಲ್ಲ."

ಕೊಕ್ಕರೆಗೆ ನಗು ಬಂತು. ನಕ್ಕಿದ್ದಕ್ಕೂ ಕತ್ತು ನೋಯಿತು. ಹೌದೆಂದು ತಲೆಯಾಡಿಸಲಾರ, ಇಲ್ಲವೆಂದೂ ಆಡಿಸಲಾರ. ಭಾವನ ಅಂಗಿಯ ಗುಂಡಿಗಳನ್ನೇ ನೋಡುತ್ತ ನಿಂತ. ಅಷ್ಟೆತ್ತರದ ಭಾವ ಅದನ್ನು ಗಮನಿಸಿದವರೇ ಸಿಮೆಂಟಿನ ಧೂಳಿನಲ್ಲಿ ಮಂಡಿಯೂರಿ ಕೂತರು. ಬಗ್ಗಿದ ಕಣ್ಣಿಗೆ ಕಾಣುವಂತೆ ತಾವೇ ಕತ್ತೆತ್ತಿ ಅವನ ಮುಖ ನೋಡಿದರು.

"ಈಗ ಹೇಳು. ರಜಾ ಹಾಕ್ತೀಯ ತಾನೇ?"

"ಹಾಕ್ತೀನಿ ಭಾವ."